ಎಡವಿದಾಗ ಬಾಯಿಗೆ ಬರುವವಳು

ಹಾವೇರಿ ರೈಲು ನಿಲ್ದಾಣದ ಮೆಟ್ಟಿಲ ಮೇಲೆ ಒಬ್ಬ ಹಿರಿಯರು ಎಡವಿದರು. ಎಪ್ಪತ್ತು ದಾಟಿದ ಜೀವ. ಬಿಳಿ ಧೋತರ, ತಲೆಗೆ ರುಮಾಲು, ಹೆಗಲಿಗೊಂದು ಕೈಚೀಲ. ಬೀಳಲಿಲ್ಲ, ಪಕ್ಕದ ಕಂಬಿ ಹಿಡಿದು ನಿಂತರು. ಎಡವಿದ ಆ ಅರೆಗಳಿಗೆಯಲ್ಲಿ ಅವರ ಬಾಯಿಂದ ಬಂದ ಮಾತು ಒಂದೇ: “ಯವ್ವಾ!” ಅವರನ್ನು ಹೆತ್ತವ್ವ ತೀರಿಕೊಂಡು ಎಷ್ಟು ವರ್ಷವಾಗಿತ್ತೋ. ಮೊಮ್ಮಕ್ಕಳನ್ನು ಕಂಡ ಮನುಷ್ಯ, ಕಾಲ ಕೆಳಗಿನ ನೆಲ ಜಾರಿದೊಡನೆ, ಯೋಚಿಸುವ ಮೊದಲೇ ಅವ್ವನನ್ನು ಕರೆದಿದ್ದರು. “ಏನಾತ್ರೀ ಯಜ್ಜಾರ?” ಎಂದು ಓಡಿ ಬಂದ ಹುಡುಗನಿಗೆ “ಏನಿಲ್ಲಪಾ, ಏನಿಲ್ಲ” ಅಂದರು. ಅಷ್ಟರಲ್ಲಿ ಅವ್ವ ಬಂದು ಹೋಗಿ ಆಗಿತ್ತು.

ಅವತ್ತು ರಾಣೇಬೆನ್ನೂರಿನವರೆಗೆ ಪ್ಯಾಸೆಂಜರ್ ಗಾಡಿಯಲ್ಲಿ ಕೂತು ಹೋಗುವಾಗ ಆ ಒಂದು ಮಾತನ್ನೇ ಬೆಲ್ಲದ ಚೂರಿನಂತೆ ಬಾಯಲ್ಲಿ ಇಟ್ಟುಕೊಂಡಿದ್ದೆ. ವ್ಯಾಕರಣದಲ್ಲಿ ಇದಕ್ಕೆ ಭಾವಸೂಚಕ ಅವ್ಯಯವೆಂದು ಹೆಸರು. 13ನೆಯ ಶತಮಾನದ ಕೇಶಿರಾಜನ ಶಬ್ದಮಣಿದರ್ಪಣದಲ್ಲಿ ಸಂಧಿ, ನಾಮ, ಸಮಾಸ, ತದ್ಧಿತ, ಆಖ್ಯಾತ, ಧಾತು, ಅಪಭ್ರಂಶ ಎಲ್ಲ ಮುಗಿದ ಮೇಲೆ ಕೊನೆಯ ಪ್ರಕರಣ ಅವ್ಯಯದ್ದು. ಸಾಲಿಯಲ್ಲೂ ಹಾಗೆಯೇ. ಪರೀಕ್ಷೆ ಹತ್ತಿರ ಬಂದಾಗ ಮಾಸ್ತರು ಅವಸರದಲ್ಲಿ ಮುಗಿಸುತ್ತಿದ್ದ ಪಾಠ ಅದು. ಪುಸ್ತಕದಲ್ಲಿ ಕಡೆಗೆ ಬರುವ ಈ ಮಾತು ಬದುಕಿನಲ್ಲಿ ಎಲ್ಲದಕ್ಕಿಂತ ಮುಂಚೆ ಬರುತ್ತದೆ. ಕರ್ತೃ ಕರ್ಮ ಕ್ರಿಯಾಪದ ಒಂದನ್ನೊಂದು ಹುಡುಕಿಕೊಂಡು ಸಾಲು ಕಟ್ಟುವ ಹೊತ್ತಿಗೆ “ಯವ್ವಾ” ತನ್ನ ಕೆಲಸ ಮುಗಿಸಿರುತ್ತದೆ.

ಈ ಮಾತನ್ನು ಮೆಲ್ಲಗೆ ಬಿಡಿಸಿ ನೋಡಿ. ‘ಏ ಅವ್ವಾ’ ಎಂಬ ಕೂಗು ಒಂದೇ ಉಸಿರಿನಲ್ಲಿ ಕೂಡಿದರೆ ‘ಯವ್ವಾ’. ‘ಏ ಅಪ್ಪಾ’ ಕೂಡಿದರೆ ‘ಯಪ್ಪಾ’. ‘ಅಯ್ಯ’ ಎಂಬ ತಂದೆಯ, ಹಿರಿಯನ ಹೆಸರಿಗೆ ಕರೆಯುವ ‘ಓ’ ಸೇರಿದರೆ ‘ಅಯ್ಯೋ’. ಹಳಗನ್ನಡದಲ್ಲಿ ತಾಯಿಗೆ ‘ಅಬ್ಬೆ’ ಎಂಬ ಹೆಸರಿತ್ತು. ‘ಅಬ್ಬಾ’ ಅಂದಾಗಲೆಲ್ಲ ಅವಳ ಸೆರಗಿನ ತುದಿ ನನಗೆ ಕಂಡಂತಾಗುತ್ತದೆ. ನೋವಿಗೂ ಬೆರಗಿಗೂ ಭಯಕ್ಕೂ ನಾವು ಬಳಸುವ ಮಾತುಗಳಲ್ಲಿ ಬಹುಪಾಲು ಯಾರನ್ನೋ ಕರೆಯುವ ಮಾತುಗಳೇ. ಒಬ್ಬರೇ ಕೂತಿದ್ದರೂ, ಕೇಳುವವರು ಯಾರೂ ಇಲ್ಲದಿದ್ದರೂ ಕರೆಯುತ್ತೇವೆ. ಹಾವೇರಿ ಸೀಮೆಯ ಹೆಣ್ಣುಮಕ್ಕಳ ಬಾಯಲ್ಲಂತೂ ಮನೆಮಂದಿಯೆಲ್ಲ ನೆರೆಯುತ್ತಾರೆ. ನೆರೆಮನೆಯ ಸುದ್ದಿ ಕಿವಿಗೆ ಬಿದ್ದರೆ “ಅಯ್ಯ ನಮ್ಮವ್ವ, ಖರೇನಬೇ?” ಕೂಸು ಮೊದಲ ಹೆಜ್ಜೆ ಇಟ್ಟರೆ “ಯವ್ವಾ ನನ ಕಂದಾ!” ಹಾಲು ಉಕ್ಕಿ ಒಲೆಗೆ ಚೆಲ್ಲಿದರೆ “ಅಯ್ಯ ಶಿವನ!” ಆ ‘ಬೇ’ ಎಂಬ ಒಂದಕ್ಷರದಲ್ಲಿ ಸಲಿಗೆ ಎಷ್ಟು, ಮರ್ಯಾದೆ ಎಷ್ಟು ಎಂದು ತೂಗಿ ಹೇಳಲು ನನ್ನಲ್ಲಿ ತಕ್ಕಡಿಯಿಲ್ಲ. ಹೆತ್ತವ್ವನಿಗೂ ಅತ್ತೆಗೂ ಅದೇ ‘ಬೇ’.

ಇಂಗ್ಲಿಷಿನ ಉದ್ಗಾರಗಳ ಮೂಲ ಹುಡುಕಿದವರಿಗೆ ಬೇರೊಂದು ದಾರಿ ಕಾಣುತ್ತದೆ. ಅಲ್ಲಿ ಕರೆಯುವುದು ದೇವರನ್ನು, ಆದರೆ ಮುಸುಕು ಹಾಕಿ. ದೇವರ ಹೆಸರನ್ನು ವ್ಯರ್ಥವಾಗಿ ಎತ್ತಬಾರದೆಂಬ ಕಟ್ಟಳೆ ಅವರ ಧರ್ಮದ ಹತ್ತು ಆಜ್ಞೆಗಳಲ್ಲಿ ಒಂದು. ಬೆರಗಾದ ಬಾಯಿ ಕಟ್ಟಳೆ ಕೇಳುತ್ತದೆಯೇ? ಹೆಸರು ಅರ್ಧ ಬಂದಿರುತ್ತದೆ, ನಾಲಿಗೆ ಅಲ್ಲೇ ಪಕ್ಕಕ್ಕೆ ಹೊರಳುತ್ತದೆ. ‘ಗಾಡ್’ ಎನ್ನಲು ಹೋಗಿ ‘ಗಾಶ್’ ಆಯಿತು, ‘ಗಾಲಿ’ ಆಯಿತು. ಜೀಸಸ್ ‘ಜೀ’ ಆದ, ಕ್ರೈಸ್ಟ್ ‘ಕ್ರೈಕಿ’ ಆದ. ‘ಗುಡ್‌ಬೈ’ ಅನ್ನುವವರು ‘ದೇವರು ನಿನ್ನ ಜೊತೆಗಿರಲಿ’ ಎಂಬ ಪೂರ್ತಿ ಹರಕೆಯನ್ನೇ ಮಡಚಿ ಕೈಗಿಡುತ್ತಾರೆ. ನಾಲ್ಕು ನೂರು ವರ್ಷಕ್ಕೂ ಹಿಂದೆ ಅದು ನಿಜಕ್ಕೂ ಹರಕೆಯ ವಾಕ್ಯವಾಗಿತ್ತು. ಈ ಮರೆಮಾಚುವಿಕೆಯಲ್ಲಿ ಒಂದು ಸಂಕೋಚವಿದೆ, ಭಕ್ತಿಯಿದೆ. ಅದು ಚೆಲುವೇ. ಆದರೂ ಶಿವನನ್ನು ಶಿವನೆಂದೇ ಕರೆದು ಹಾಲಿನ ಲೆಕ್ಕ ಒಪ್ಪಿಸುವ ನಮ್ಮ ಅಡುಗೆಮನೆಯ ಧೈರ್ಯ ನನಗೆ ಹೆಚ್ಚು ಹಿಡಿಸುತ್ತದೆ.

ಎರಡೂ ದಾರಿಗಳು ಒಂದು ಕಡೆ ಮುಖಾಮುಖಿ ಸಿಗುತ್ತವೆ. ಲಂಡನ್ನಿನ ಬೀದಿಯ ‘ಬ್ಲೈಮಿ’ ಎಂಬ ಉದ್ಗಾರದ ಹಿಂದೆ ‘ದೇವರು ನನ್ನ ಕಣ್ಣು ಕಳೆಯಲಿ’ ಎಂಬ ಆಣೆಯಿದೆ. ಬ್ಯಾಡಗಿಯ ಸಂತೆಯಲ್ಲಿ “ಕಣ್ಣಾಣಿ ಹೇಳ್ತೇನ್ರಿ, ಇದರಾಗ ನನಗ ಒಂದ್ ರೂಪಾಯಿ ಉಳಿಯಂಗಿಲ್ಲ” ಅನ್ನುವವನೂ ಒತ್ತೆ ಇಡುವುದು ಅದೇ ಕಣ್ಣನ್ನು. ಮನುಷ್ಯನಿಗೆ ತನ್ನಲ್ಲಿ ಅತಿ ಬೆಲೆಯುಳ್ಳದ್ದು ಯಾವುದೆಂದು ಇಬ್ಬರಿಗೂ ಗೊತ್ತಿದೆ. ನಮ್ಮ ಕಡೆಯ ಗಂಡಸರ ಬಾಯಲ್ಲಿ ಬರುವ “ಇವನವ್ನ!” ಕೂಡ ಇಂಥದೇ ಒಂದು ತುಂಡು ಮಾತು. ಮೂಲದಲ್ಲಿ ಅದೊಂದು ಬೈಗಳ. ಅದರ ಬಾಲ ಯಾವತ್ತೋ ಕಡಿದು ಬಿದ್ದಿದೆ, ಉಳಿದದ್ದು ಬರೀ ಬೆರಗು. ಕಬಡ್ಡಿ ಅಂಕಣದಲ್ಲಿ ಮೂವರ ಹಿಡಿತ ಕೊಸರಿಕೊಂಡು ಗೆರೆ ಮುಟ್ಟಿದವನಿಗೆ “ಇವನವ್ನ, ಏನ್ ಆಡ್ತಾನಲೇ!” ಅಂದರೆ ಅದಕ್ಕಿಂತ ದೊಡ್ಡ ಪದಕವಿಲ್ಲ.

ಗಾಡಿ ಬ್ಯಾಡಗಿಯಲ್ಲಿ ನಿಂತಿತು. ಫಾಲ್ಗುಣದ ದಿನ. ಇಬ್ಬರು ಹತ್ತಿ ಎದುರಿಗೆ ಕೂತರು. ಅವರ ಅಂಗಿಗಂಟಿದ್ದ ಮೆಣಸಿನಕಾಯಿ ಘಾಟಿಗೆ ಡಬ್ಬಿಯ ತುಂಬ ಸೀನು ಎದ್ದಿತು. ಸೀನಿದ ಕೂಸಿಗೆ ಅದರ ಅಜ್ಜಿ “ಚಿರಂಜೀವಿ” ಅಂದಳು. ತಾನು ಸೀನಿದಾಗ “ಶಿವ ಶಿವಾ” ಅಂದಳು. ಇಂಗ್ಲಿಷರು ‘ಬ್ಲೆಸ್ ಯೂ’ ಅನ್ನುವುದೂ ಇದೇ ಗಳಿಗೆಯಲ್ಲಿ. ಒಂದು ಸೀನಿನಷ್ಟು ಹೊತ್ತು ಜೀವ ಮೈಯಿಂದ ಆಚೆ ನಿಂತಂತೆ ಅನಿಸುವುದು ಎಲ್ಲ ಕಡೆಗೂ ಒಂದೇ ಇರಬೇಕು.

ಬ್ಯಾಡಗಿಯ ಮಾರುಕಟ್ಟೆ ಪ್ರಾಂಗಣದಲ್ಲಿ ಅರ್ಧ ದಿನ ನಿಂತರೆ ಉದ್ಗಾರಗಳ ಕೋಶವನ್ನೇ ಬರೆಯಬಹುದು. ಹಮಾಲ ಬೆನ್ನ ಮೇಲಿನ ಚೀಲವನ್ನು ನೆಲಕ್ಕಿಳಿಸಿ ಸೊಂಟ ನೆಟ್ಟಗೆ ಮಾಡುತ್ತ ಅನ್ನುವ ‘ಉಸ್ಸಪ್ಪಾ’ ನನಗೆ ಅದರಲ್ಲಿ ಅತಿ ಪ್ರಿಯವಾದದ್ದು. ಮೊದಲು ಉಸಿರು, ಆಮೇಲೆ ಅಪ್ಪ. ಹೈಸ್ಕೂಲಿನ ಇಂಗ್ಲಿಷ್ ವ್ಯಾಕರಣದಲ್ಲಿ ದುಃಖಕ್ಕೆ ಉದಾಹರಣೆಯಾಗಿ ‘ಅಲಾಸ್’ ಎಂದು ಕಲಿಸಿದ್ದರು. ಅದು ನಾವು ಉರು ಹೊಡೆದ ಒಣ ಪದವಾಗಿತ್ತು. ಬಹಳ ವರ್ಷದ ಮೇಲೆ ಅದರ ಬೇರು ತಿಳಿಯಿತು: ಹಳೆಯ ಫ್ರೆಂಚಿನಿಂದ ಬಂದ ಮಾತು, ಅದರ ಹಿಂದೆ ‘ದಣಿದ’ ಎಂಬ ಅರ್ಥದ ಲ್ಯಾಟಿನ್ ಶಬ್ದ. ಅಂದರೆ ‘ಅಲಾಸ್’ ಎಂಬುದು ಮೊದಲಿಗೆ ‘ಅಯ್ಯೋ, ದಣಿದೆ’ ಎಂಬ ಉಸಿರು. ಅಂದಿನಿಂದ ಆ ಪದ ಕಂಡಲ್ಲೆಲ್ಲ ನನಗೆ ಬ್ಯಾಡಗಿಯ ಹಮಾಲ ಕಾಣುತ್ತಾನೆ. ನಾಟಕದ ರಾಣಿಯರು ಎದೆಯ ಮೇಲೆ ಕೈಯಿಟ್ಟು ಅನ್ನುವ ಆ ಮಾತನ್ನು ಮೊದಲು ಅಂದವನು ಯಾವನೋ ಹೊರೆ ಹೊತ್ತವನೇ ಇರಬೇಕೆಂದು ನಾನು ನಂಬಿಕೊಂಡಿದ್ದೇನೆ.

ಮೆಣಸಿನಕಾಯಿಯ ವಿಷಯಕ್ಕೂ ಒಂದು ಮಾತು. ಖಾರ ತಿಂದ ಬಾಯಿ ಉಸಿರನ್ನು ಒಳಗೆಳೆದು ‘ಹ್ಸ್ ಹಾ’ ಅನ್ನುತ್ತದೆ. ಉಳಿದ ಬಹುಪಾಲು ಉದ್ಗಾರಗಳಲ್ಲಿ ಉಸಿರು ಹೊರಗೆ ಹೋಗುತ್ತದೆ, ಇದರಲ್ಲಿ ಒಳಗೆ ಬರುತ್ತದೆ. ಬ್ಯಾಡಗಿ ಕಾಯಿ ಹೆಸರು ಮಾಡಿದ್ದು ಬಣ್ಣಕ್ಕೆ, ಪರಿಮಳಕ್ಕೆ. ಡಬ್ಬಿ ತಳಿ ಇರಲಿ, ಕಡ್ಡಿ ತಳಿ ಇರಲಿ, ಸುಕ್ಕುಗಟ್ಟಿದ ಆ ಕಡುಗೆಂಪು ಕಾಯಲ್ಲಿ ಖಾರ ಹದವಾಗಿ ನಿಂತಿದೆ. 2011ರಲ್ಲಿ ಭೌಗೋಳಿಕ ಗುರುತಿನ ಪಟ್ಟಿ ಸೇರಿದ ಈ ಕಾಯಿಯ ಚಟ್ನಿ ನಾಲಿಗೆಗೆ ತಾಗಿದಾಗ ಬಾಯಿ ‘ಹ್ಸ್ ಹಾ’ ಅನ್ನುವ ಬದಲು ‘ಆಹಾ’ ಅನ್ನುತ್ತದೆ. ಒಳಗೆಳೆದ ಉಸಿರು ಹೊರಬರುವಷ್ಟರಲ್ಲಿ ಮೆಚ್ಚುಗೆಯಾಗಿರುತ್ತದೆ. ಹಾವೇರಿಯಲ್ಲಿ ಏಲಕ್ಕಿ ಹಾರವನ್ನು ಕೊರಳಿಗೆ ಹಾಕಿಸಿಕೊಂಡ ಅತಿಥಿಗಳ ಮುಖದಲ್ಲೂ ಅದೇ ‘ಆಹಾ’ ನೋಡಿದ್ದೇನೆ, ದನಿಯಿಲ್ಲದೆ.

ಪದವೆಂದು ಕರೆಯಲು ವ್ಯಾಕರಣ ಹಿಂಜರಿಯುವ ದನಿಗಳೂ ಇವೆ. ಹಲ್ಲಿ ಲೊಚಗುಟ್ಟಿದರೆ ಬೆರಳಿನಿಂದ ನೆಲ ಬಡಿದು “ಕೃಷ್ಣ ಕೃಷ್ಣ” ಅನ್ನುತ್ತೇವೆ. ಅದೇ ಲೊಚ್ ಮನುಷ್ಯನ ನಾಲಿಗೆಯಿಂದ ಬಂದರೆ ಕನಿಕರ. ಇಂಗ್ಲಿಷರೂ ಇದೇ ದನಿ ಹೊರಡಿಸಿ, ಬರೆಯಲು ಬಾರದೆ ‘ಟಟ್ ಟಟ್’ ಎಂದು ಬರೆದರು. ಕನ್ನಡ ಅದಕ್ಕೆ ‘ಲೊಚಗುಟ್ಟು’ ಎಂದು ಕ್ರಿಯಾಪದವನ್ನೇ ಮಾಡಿಕೊಂಡಿತು. ಇನ್ನು ‘ಹಾಂ?’ ಎಂಬ ದನಿ. ಸರಿಯಾಗಿ ಕೇಳಿಸದಿದ್ದಾಗ ಅನ್ನುವ ಇದನ್ನು ಭಾಷಾವಿಜ್ಞಾನಿ ಮಾರ್ಕ್ ಡಿಂಗೆಮನ್ಸೆ ಮತ್ತು ಅವರ ಜೊತೆಗಾರರು ಐದು ಖಂಡಗಳ ಹತ್ತು ಭಾಷೆಗಳಲ್ಲಿ ಕೇಳಿಸಿಕೊಂಡು, ಎಲ್ಲೆಡೆ ಹೆಚ್ಚುಕಡಿಮೆ ಒಂದೇ ಆಕಾರದಲ್ಲಿದೆ ಎಂದು 2013ರಲ್ಲಿ ತೋರಿಸಿದರು. ಜಗತ್ತಿನ ಭಾಷೆಗಳಿಗೆಲ್ಲ ಪಾಲಿರುವ ಒಂದು ಮಾತು ಇದ್ದರೆ ಅದು ‘ಇನ್ನೊಮ್ಮೆ ಹೇಳು’ ಎಂಬ ಕೋರಿಕೆ. ಯೋಚಿಸಿದಷ್ಟೂ ನನಗೆ ಇದು ಸಂತೋಷ ಕೊಡುತ್ತದೆ.

ಹಳೆಯ ವ್ಯಾಕರಣಕಾರರು ಸ್ವರಗಳಲ್ಲಿ ಹ್ರಸ್ವ, ದೀರ್ಘ, ಪ್ಲುತ ಎಂದು ಮೂರು ಬಗೆ ಹೇಳಿದರು. ಒಂದು ಮಾತ್ರೆ, ಎರಡು ಮಾತ್ರೆ, ಮೂರು ಮಾತ್ರೆ. ಮೂರು ಮಾತ್ರೆಯವರೆಗೆ ಎಳೆಯುವ ಪ್ಲುತಕ್ಕೆ ಅವರು ಕೊಟ್ಟ ಜಾಗ ಮೂರೇ: ದೂರದವರನ್ನು ಕರೆಯುವಾಗ, ಹಾಡುವಾಗ, ಅಳುವಾಗ. ಈ ಮೂರನ್ನು ಒಟ್ಟಿಗೆ ಇಟ್ಟವರು ಯಾರೋ ಅವರ ಕಿವಿಗೆ ನಮಸ್ಕಾರ. ಮೂರೂ ನಮ್ಮ ಜಿಲ್ಲೆಯಲ್ಲಿ ಇಂದಿಗೂ ಕೇಳಸಿಗುತ್ತವೆ.

ದೂರದವರನ್ನು ಕರೆಯುವುದನ್ನು ಕೇಳಬೇಕಾದರೆ ಸೀಗಿ ಹುಣ್ಣಿಮೆಗೆ ಹೊಲಕ್ಕೆ ಹೋಗಬೇಕು. ತುಂಬು ಬಸುರಿಯಂತಿರುವ ಭೂಮಿಗೆ ಬಯಕೆಯ ಊಟವೆಂದು ಕಡುಬು, ಕರ್ಚಿಕಾಯಿ, ಪುಂಡಿಪಲ್ಲೆ ಕಲಸಿದ ಚರಗವನ್ನು ಚೆಲ್ಲುತ್ತ ನಡೆಯುತ್ತಾರೆ. ಮುಂದಿನವನು “ಹುಲ್ಲುಲ್ಲಿಗೋ…” ಎಂದು ಕೂಗುತ್ತಾನೆ, ಹಿಂದಿನವನು ಮರುದನಿ ಕೊಡುತ್ತಾನೆ. ಆ ಮರುದನಿ ಊರಿಂದ ಊರಿಗೆ ಹೊರಳುತ್ತದೆ, ಕೊನೆಯ ‘ಗೋ’ ಮಾತ್ರ ಎಲ್ಲ ಕಡೆಗೂ ಒಂದೇ. ಬದುವಿನಿಂದ ಬದುವಿಗೆ ಅದು ಹರಿದು ಹೋಗುವುದನ್ನು ಜೋಳದ ತೆನೆಯ ನಡುವೆ ನಿಂತು ಕೇಳಿದವರಿಗೆ ಅರ್ಥ ಕೇಳಬೇಕು ಅನಿಸುವುದಿಲ್ಲ. ಕರೆಸಿಕೊಳ್ಳುತ್ತಿರುವುದು ಹೊಲವೇ.

ಹಾಡು ಮತ್ತು ಅಳು ಕೂಡುವ ಜಾಗ ಸಾವಿನ ಮನೆ. ನಮ್ಮ ಕಡೆ ಅದಕ್ಕೆ ‘ಹಾಡ್ಯಾಡಿ ಅಳೂದು’ ಅನ್ನುತ್ತಾರೆ. ಹೆಣದ ತಲೆಯ ಕಡೆ ಕೂತ ಹೆಂಗಸು ಮೊದಲು ಬರೀ “ಯಪ್ಪಾ…” ಅನ್ನುತ್ತಾಳೆ. ಆ ಒಂದು ಕರೆ ಉದ್ದವಾಗುತ್ತ ಸ್ವರ ಹಿಡಿಯುತ್ತದೆ, ಸ್ವರಕ್ಕೆ ಮಾತು ಕೂಡುತ್ತದೆ: ಅವನು ಕಟ್ಟಿದ ಎತ್ತು, ತಂದ ಸೀರೆ, ಆಡದೆ ಉಳಿಸಿ ಹೋದ ಮಾತು. ಪ್ರತಿ ನುಡಿಯ ಕೊನೆಗೆ ಮತ್ತೆ “ಯಪ್ಪಾ”. ಒಂದು ಉದ್ಗಾರ ಬೆಳೆದು ಒಬ್ಬ ಮನುಷ್ಯನ ಪೂರ್ತಿ ಚರಿತ್ರೆಯಾಗಿ, ಮತ್ತೆ ಅದೇ ಉದ್ಗಾರಕ್ಕೆ ಮರಳುವುದನ್ನು ನಾನು ಎಳವೆಯಲ್ಲೇ ಕೇಳಿದೆ. ಹಾಗೆ ಅಳಬಲ್ಲ ಮುದುಕಿಯರು ಈಗ ಊರಿಗೆ ಒಬ್ಬರೋ ಇಬ್ಬರೋ. ಕಾವ್ಯದ ಹುಟ್ಟು ಹೇಗೆಂದು ಯಾರಾದರೂ ಕೇಳಿದರೆ ನನ್ನ ಕೈ ತಾನಾಗಿ ಆ ಮನೆಯ ಕಡೆ ತೋರಿಸುತ್ತದೆ. ಕೋಳಿವಾಡದ ಕುಮಾರವ್ಯಾಸನ ಭಾರತವನ್ನು ಗಮಕಿಗಳು ಓದುವಾಗ ‘ಅಕಟ’ ಎಂಬಲ್ಲಿ ದನಿ ಏರಿಸಿ ನಿಲ್ಲುವುದನ್ನು ಕೇಳಿದಾಗಲೂ ನನಗೆ ಅವರೇ ನೆನಪಾಗುತ್ತಾರೆ. ‘ಅಕಟ’ ಇಂದು ಬಾಯಿಂದ ಹೋಗಿದೆ, ಪುಟದಲ್ಲಿ ಉಳಿದಿದೆ.

ಹೊರಗಿನಿಂದ ಬಂದ ಉದ್ಗಾರಗಳನ್ನು ಈ ಸೀಮೆ ಮರ್ಯಾದೆಯಿಂದ ಒಳಗೆ ಕರೆದುಕೊಂಡಿದೆ. ಸವಣೂರಿನಲ್ಲಿ ನವಾಬರ ಆಳ್ವಿಕೆಯಿದ್ದ ನಾಡು ಇದು. ಮಗ್ಗಿ ಒಪ್ಪಿಸಿದ ಹುಡುಗನ ಬೆನ್ನು ತಟ್ಟಿ “ಶಬ್ಬಾಸ್ ಮಗನ” ಅನ್ನುವ ಅಜ್ಜ ಆಡುವುದು ಪಾರಸಿಯ ‘ಶಾದ್ ಬಾಶ್’, ‘ಸುಖವಾಗಿರು’ ಎಂಬ ಹರಕೆ. ಹೊಗಳಿಕೆಯೆಂದು ನಾವು ತಿಳಿದದ್ದು ಆಶೀರ್ವಾದ. ಕಂಪನಿ ನಾಟಕಗಳ ಕಾಲದಲ್ಲಿ ಬಂದದ್ದು ‘ವನ್ಸ್‌ಮೋರ್’. ನಟ ರಂಗಗೀತೆಯ ಕೊನೆಯ ತಾನ ಮುಗಿಸಿದೊಡನೆ ನೆಲದ ಮೇಲೆ ಕೂತ ರೈತ, ಕುರ್ಚಿಯ ಸಾಹುಕಾರ ಇಬ್ಬರೂ ಕೂಗುತ್ತಿದ್ದ ಮಾತು ಅದು. ಸತ್ತು ಬಿದ್ದ ಪಾತ್ರಧಾರಿ ಎದ್ದು ಇನ್ನೊಮ್ಮೆ ಹಾಡಿ ಮತ್ತೆ ಸಾಯುತ್ತಿದ್ದ ಕಥೆಯನ್ನು ಹಿರಿಯರು ಹೆಮ್ಮೆಯಿಂದ ಹೇಳುತ್ತಾರೆ. ಇದರ ಸ್ವಾರಸ್ಯ ಇನ್ನೂ ಒಂದಿದೆ. ಇಂಗ್ಲಿಷರು ತಮ್ಮ ರಂಗಮಂದಿರದಲ್ಲಿ ಫ್ರೆಂಚಿನ ‘ಆಂಕೋರ್’ ಎಂದು ಕೂಗುತ್ತಾರೆ. ಫ್ರೆಂಚರು ತಮ್ಮದರಲ್ಲಿ ಲ್ಯಾಟಿನ್ನಿನ ‘ಬಿಸ್’ ಎನ್ನುತ್ತಾರೆ. ನಾವು ಇಂಗ್ಲಿಷಿನ ‘ವನ್ಸ್‌ಮೋರ್’ ಎತ್ತಿಕೊಂಡೆವು. ರಸ ಹೆಚ್ಚಾದಾಗ ಪ್ರತಿಯೊಬ್ಬರಿಗೂ ನೆರೆಮನೆಯ ಪಾತ್ರೆ ಬೇಕಾಗುತ್ತದೆ.

‘ಹಲೋ’ದ ಕಥೆ ಚಿಕ್ಕದು. ಟೆಲಿಫೋನು ಕಂಡುಹಿಡಿದ ಬೆಲ್ ಅವರಿಗೆ ಹಡಗಿನವರ ‘ಅಹಾಯ್’ ಎಂಬ ಕೂಗು ಇಷ್ಟವಾಗಿತ್ತು. ಎಡಿಸನ್ 1877ರಲ್ಲಿ ‘ಹಲೋ’ ಸಾಕೆಂದು ಬರೆದರು, ಅದೇ ನಿಂತಿತು. ರಾಣೇಬೆನ್ನೂರಿನ ಬೀಜದ ವ್ಯಾಪಾರಿ ಇಂದು ಫೋನೆತ್ತಿ ಅದಕ್ಕೆ ತನ್ನದನ್ನು ಸೇರಿಸುತ್ತಾನೆ: “ಹಲೋ, ಹಾಂ, ಹೇಳ್ರೀ.” ಆ ‘ರೀ’ ಇಲ್ಲದೆ ಇಲ್ಲಿ ಯಾವ ಇಂಗ್ಲಿಷ್ ಮಾತಿಗೂ ಪ್ರವೇಶವಿಲ್ಲ. ಓಕೆರೀ, ಸಾರಿರೀ, ಥ್ಯಾಂಕ್ಸ್‌ರೀ. ಇತ್ತ ನಮ್ಮದೂ ಆಚೆ ಹೋಗಿದೆ. 2016ರಲ್ಲಿ ಆಕ್ಸ್‌ಫರ್ಡ್ ಇಂಗ್ಲಿಷ್ ನಿಘಂಟು ‘ಅಯ್ಯೋ’ ಎಂಬ ಮಾತನ್ನು ಸೇರಿಸಿಕೊಂಡಿತು. ಅದರ ಮೇಲೆ ನಮಗಷ್ಟೇ ಹಕ್ಕಿಲ್ಲ. ದಕ್ಷಿಣದ ಭಾಷೆಗಳೆಲ್ಲ ಅದಕ್ಕೆ ಪಾಲುದಾರರು, ಚೀನೀ ಮಾತಿನಲ್ಲೂ ಅದರ ಹತ್ತಿರದ ದನಿಯಿದೆ. ಸವಣೂರಿನಲ್ಲಿ ಹುಟ್ಟಿ ಆಕ್ಸ್‌ಫರ್ಡಿನಲ್ಲಿ ಇಂಗ್ಲಿಷ್ ಓದಿದ ವಿ.ಕೃ. ಗೋಕಾಕರು ಇದ್ದಿದ್ದರೆ ಸಂತೋಷಪಡುತ್ತಿದ್ದರು.

ಗಾಡಿ ದೇವರಗುಡ್ಡದಲ್ಲಿ ನಿಂತಾಗ ನನಗೆ ಇನ್ನೊಂದು ಉದ್ಗಾರದ ಪ್ರಯಾಣ ನೆನಪಾಯಿತು. ಇಲ್ಲಿಯ ಮಾಲತೇಶನ ಭಕ್ತರು ಗುಡ್ಡ ಹತ್ತುತ್ತ ಕೂಗುವುದು “ಏಳುಕೋಟಿ ಏಳುಕೋಟಿ ಏಳುಕೋಟಿಗೋ, ಚಾಂಗಮಲೋ!” ಎಂದು. ಇದೇ ದೇವರನ್ನು ಖಂಡೋಬನೆಂದು ಪೂಜಿಸುವ ಪುಣೆ ಸೀಮೆಯ ಜೇಜುರಿಯಲ್ಲಿ ಮರಾಠಿ ಭಕ್ತರು ‘ಯಳಕೋಟ ಯಳಕೋಟ’ ಎನ್ನುತ್ತ ಭಂಡಾರ ಎರಚುತ್ತಾರೆ. ಅದು ನಮ್ಮ ಕನ್ನಡದ ‘ಏಳುಕೋಟಿ’. ನಮ್ಮ ಭಕ್ತರ ಬಾಯಲ್ಲಿರುವ ‘ಚಾಂಗಮಲೋ’ ಮರಾಠಿಯ ‘ಚಾಂಗಭಲೆ’, ‘ಒಳ್ಳೆಯದಾಗಲಿ’ ಎಂಬ ಮಾತು. ಕೃಷ್ಣೆಯನ್ನು ದಾಟಿ ಅವರು ನಮ್ಮ ಎಣಿಕೆಯನ್ನು ಒಯ್ದರು, ನಾವು ಅವರ ಹರಕೆಯನ್ನು ತಂದೆವು. ಗಡಿಯ ಜಗಳಕ್ಕೆ ಕೂರುವವರು ಈ ಒಂದು ಜಯಘೋಷವನ್ನು ಒಮ್ಮೆ ಪೂರ್ತಿ ಕೇಳಬೇಕು.

ದಸರೆಯಲ್ಲಿ ದೇವರಗುಡ್ಡಕ್ಕೆ ಹೋಗಿಬನ್ನಿ. ವ್ರತ ಹಿಡಿದ ಗೊರವಯ್ಯ ಎತ್ತರದ ಬಿಲ್ಲನ್ನು ಏರುತ್ತಾನೆ. ಕೆಳಗೆ ಮೈದಾನ ತುಂಬ ಜನ, ಡಮರುಗ, ಕೊಳಲು, ಕೂಸುಗಳ ಅಳು, ಪೀಪಿ ಮಾರುವವನ ಕೂಗು. ತುದಿ ಮುಟ್ಟಿ ಒಂದು ಗಳಿಗೆ ಆಕಾಶ ನೋಡಿ “ಸದ್ದಲೇ!” ಅನ್ನುತ್ತಾನೆ. ಅಷ್ಟು ಜನರ ಉಸಿರು ನಿಲ್ಲುತ್ತದೆ. ಆಮೇಲೆ ಅವನು ನುಡಿಯುವ ಕಾರಣಿಕವೆಂಬ ಭವಿಷ್ಯವಾಣಿ ಒಂದೇ ಸಾಲು, ‘ಪರಾಕ್’ ಎಂದು ಮುಗಿಯುತ್ತದೆ, ಬಿಲ್ಲಿನಿಂದ ಕೆಳಗೆ ಬೀಳುವ ಅವನನ್ನು ಜನ ಕೈಚಾಚಿ ಹಿಡಿಯುತ್ತಾರೆ. ಮಳೆ ಬೆಳೆ ರಾಜಕೀಯವೆಂದು ಅದರ ಅರ್ಥ ಬಿಡಿಸುವ ಕೆಲಸ ಮರುದಿನದ ಪತ್ರಿಕೆಗಳದ್ದು. ನೀವು ಸ್ವಲ್ಪ ಮುಂಚೆ ಹೋಗಿ, ಹಿಂದಿನ ಸಾಲಿನಲ್ಲಿ ನಿಂತು, ‘ಸದ್ದಲೇ’ಗೂ ಕಾರಣಿಕಕ್ಕೂ ನಡುವಿನ ಆ ಮೌನವನ್ನು ಕೇಳಿ. ರಾಣೇಬೆನ್ನೂರಿನಿಂದ ಹಾವೇರಿ ಕಡೆಗೆ ಬರುವಾಗ ಬ್ಯಾಡಗಿಗೆ ಮೊದಲು ಸಿಗುವ ಸ್ಟೇಷನ್ನು, ಅದರ ಹೆಸರೂ ದೇವರಗುಡ್ಡವೇ.